ಎಷ್ಟು ದೂರ, ಎಷ್ಟು ಹೊತ್ತು, ಯಾರ ದನಿ: ವಿಡಿಯೊ ಕ್ಯಾಮೆರಾ ಕೊಳ್ಳುವ ಮುನ್ನ

ನಮ್ಮ ಕರಾವಳಿಯಲ್ಲಿ ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೂ ದಿನಾ ಎಲ್ಲಾದರೊಂದು ಕಡೆ ಆಟ ಇದ್ದೇ ಇರುತ್ತದೆ. ಆ ದಿನಗಳಲ್ಲಿ ನನಗೆ ತಪ್ಪದೆ ಬರುವ ಕರೆ ಒಂದಿದೆ: "ನಮ್ಮ ಮನೆಯ ಹರಕೆಯ ಆಟ ಇದೆ, ವಿಡಿಯೊ ಮಾಡಬೇಕು. ಯಾವ ಕ್ಯಾಮೆರಾ ತೆಗೆದುಕೊಳ್ಳುವುದು ಅಣ್ಣಾ?" ಹೆಸರು ಹೇಳುವ ಮೊದಲು ನಾನು ಮೂರು ಮಾತು ಕೇಳುತ್ತೇನೆ. ಎಷ್ಟು ದೂರದಲ್ಲಿ ನಿಲ್ಲುತ್ತೀರಿ? ಎಷ್ಟು ಹೊತ್ತು ಬಿಡದೆ ದಾಖಲಿಸಬೇಕು? ಯಾರ ದನಿ ಕೇಳಿಸಬೇಕು? ಯಕ್ಷಗಾನವಿರಲಿ, ಮಗಳ ಶಾಲೆಯ ವಾರ್ಷಿಕೋತ್ಸವವಿರಲಿ, ಅಜ್ಜಿಯ ಬಾಯಲ್ಲಿರುವ ಪಾಡ್ದನವೆಂಬ ತುಳು ಕಥನಗೀತೆಯಿರಲಿ, ಈ ಮೂರಕ್ಕೆ ಉತ್ತರ ಸಿಕ್ಕಿದರೆ ಕ್ಯಾಮೆರಾ ಅರ್ಧ ಆರಿಸಿದಂತೆಯೇ.

ಈ ಪ್ರಶ್ನೆಗಳನ್ನು ನನಗೆ ಕಲಿಸಿದ್ದು ಒಂದು ರಾತ್ರಿಯ ನಷ್ಟ. ಗೆಳೆಯರೊಬ್ಬರಿಂದ ತಂದ ಒಳ್ಳೆಯ ಫೋಟೊ ಕ್ಯಾಮೆರಾವನ್ನು ಗದ್ದೆಯಲ್ಲಿ ಟ್ರೈಪಾಡಿನ ಮೇಲೆ ನಿಲ್ಲಿಸಿ, ಗುಂಡಿ ಒತ್ತಿ, ಆಟ ನೋಡುತ್ತ ಕುಳಿತಿದ್ದೆ. ಮಹಿಷಾಸುರ ಜನರ ನಡುವಿನಿಂದ ದೊಂದಿಯ ಬೆಳಕಿನಲ್ಲಿ ಅಬ್ಬರಿಸುತ್ತ ಬಂದ. ರಾಳದ ಪುಡಿ ಎರಚಿದಾಗಲೆಲ್ಲ ಬೆಂಕಿ ಆಳೆತ್ತರಕ್ಕೆ ಎದ್ದಿತು. ಎಲ್ಲ ಮುಗಿದ ಮೇಲೆ ತಿರುಗಿ ನೋಡಿದರೆ ಕ್ಯಾಮೆರಾದ ಕೆಂಪು ದೀಪ ಆರಿತ್ತು. 29 ನಿಮಿಷ 59 ಸೆಕೆಂಡಿಗೆ ಅದು ತಾನಾಗಿ ನಿಂತಿತ್ತು. ಯುರೋಪ್ ಒಕ್ಕೂಟದ ಸುಂಕದ ನಿಯಮದಲ್ಲಿ 30 ನಿಮಿಷ ಬಿಡದೆ ದಾಖಲಿಸುವ ಯಂತ್ರ ವಿಡಿಯೊ ಕ್ಯಾಮೆರಾ ಎನಿಸಿಕೊಂಡು ಹೆಚ್ಚು ತೆರಿಗೆಗೆ ಒಳಗಾಗುತ್ತಿದ್ದುದರಿಂದ ತಯಾರಕರು ಫೋಟೊ ಕ್ಯಾಮೆರಾಗಳಿಗೆ ಆ ಕಡಿವಾಣ ಹಾಕುತ್ತಿದ್ದರು. ಎಲ್ಲೋ ಇರುವ ಸುಂಕದ ಕಟ್ಟೆಗಾಗಿ ನಮ್ಮ ಗದ್ದೆಯ ಮಹಿಷಾಸುರ ಕೈತಪ್ಪಿದ. ಇಂದಿನ ಹಲವು ಕ್ಯಾಮೆರಾಗಳಲ್ಲಿ ಈ ಮಿತಿ ಇಲ್ಲ. ಆದರೆ ಹಳೆಯದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ದನಿಯಿಂದ ಆರಂಭಿಸೋಣ

ಅಂಗಡಿಯವರು ಕೊನೆಗೆ ಎತ್ತುವ ವಿಷಯವನ್ನು ನಾನು ಮೊದಲು ಎತ್ತುತ್ತೇನೆ. ಚಿತ್ರ ತುಸು ಮಸುಕಾಗಿದ್ದರೂ ಆಟದ ಕಥೆಯನ್ನು ಹಾಡುವ ಭಾಗವತರ ಪದ ಸ್ಪಷ್ಟವಾಗಿದ್ದರೆ ಜನ ಕುಳಿತು ನೋಡುತ್ತಾರೆ. ಚಿತ್ರ ಕನ್ನಡಿಯಂತಿದ್ದು ಪದ ಕೇಳದಿದ್ದರೆ ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ.

ಫೋನಿನಲ್ಲಿ ಆಟ ದಾಖಲಿಸಿದವರು ಇದನ್ನು ಗಮನಿಸಿರಬಹುದು. ಭಾಗವತರು ಏರುಪದ್ಯ ಎತ್ತಿದ್ದಾರೆ. ಚೆಂಡೆಯ ಪೆಟ್ಟು ಬಿದ್ದೊಡನೆ ಅವರ ದನಿ ತಳಕ್ಕಿಳಿಯುತ್ತದೆ, ಪೆಟ್ಟು ನಿಂತರೆ ಮೆಲ್ಲನೆ ಮೇಲೆ ಬರುತ್ತದೆ, ಮತ್ತೆ ಪೆಟ್ಟು, ಮತ್ತೆ ಇಳಿತ. ದೊಡ್ಡ ಸದ್ದು ಬಂದಾಗ ತಾನೇ ಮಟ್ಟ ತಗ್ಗಿಸಿ, ಸದ್ದಿಲ್ಲದಾಗ ಏರಿಸುವುದು ಫೋನಿನ ಗುಣ. ಮನೆಯ ಮಾತುಕತೆಗೆ ಅದು ಸರಿ, ಹಿಮ್ಮೇಳಕ್ಕೆ ಅಲ್ಲ. ಆದ್ದರಿಂದ ಕ್ಯಾಮೆರಾ ಯಾವುದೇ ಇರಲಿ, ಧ್ವನಿಯ ಮಟ್ಟವನ್ನು ಕೈಯಾರೆ ಇಟ್ಟು ಬಿಡುವ ಸೌಕರ್ಯ ಇದೆಯೇ, ಮೈಕಿನ ಜಾಕ್ ಇದೆಯೇ ಎಂದು ನೋಡಿ. ಇಯರ್‌ಫೋನ್ ಜಾಕ್ ಕೂಡ ಇದ್ದರೆ ಇನ್ನೂ ಒಳ್ಳೆಯದು. ದಾಖಲಾಗುತ್ತಿರುವುದು ಏನೆಂದು ಕಿವಿಯಿಂದ ತಿಳಿಯುವುದಕ್ಕೆ ಬೇರೆ ದಾರಿ ಇಲ್ಲ.

ಇಂಥ ಕಡೆ ನನ್ನ ಮೊದಲ ಆಯ್ಕೆ ಪ್ರತ್ಯೇಕ ರೆಕಾರ್ಡರ್. ಝೂಮ್ ಕಂಪನಿಯ ಎಚ್‌1ಎನ್ ತರಹದ ಅಂಗೈಯಷ್ಟು ಯಂತ್ರ ಎರಡು ಸಣ್ಣ ಪೆನ್ಸಿಲ್ ಸೆಲ್‌ಗಳಲ್ಲಿ ಓಡುತ್ತದೆ. ಅದನ್ನು ಸಣ್ಣ ಸ್ಟ್ಯಾಂಡಿನ ಮೇಲೆ ಹಿಮ್ಮೇಳದ ಎದುರು ಇಟ್ಟು, ಚೆಂಡೆಯ ಅತಿ ಜೋರಿನ ಪೆಟ್ಟಿಗೂ ಮಟ್ಟದ ಪಟ್ಟಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಹೊಂದಿಸಿದರೆ ಬೆಳಗಿನವರೆಗೆ ನೆಮ್ಮದಿ. ಇತ್ತೀಚೆಗೆ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು ಬಂದಿವೆ. 2022ರ ಝೂಮ್ ಎಫ್‌3, 2024ರ ಎಚ್‌1 ಎಸೆನ್ಷಿಯಲ್ ಇಂಥವು. ಇವುಗಳಲ್ಲಿ ಮಟ್ಟ ಹೊಂದಿಸುವ ಗೊಡವೆಯೇ ಇಲ್ಲ. ಪಿಸುಮಾತು, ಚೆಂಡೆ ಎರಡನ್ನೂ ಒಂದೇ ಕಡತದಿಂದ ಆಮೇಲೆ ಹದಕ್ಕೆ ತರಬಹುದು. ಒಬ್ಬರೇ ಎಲ್ಲ ಕೆಲಸ ನೋಡಿಕೊಳ್ಳುವವರಿಗೆ ಇದು ದೊಡ್ಡ ಉಪಕಾರ.

ಇನ್ನೊಂದು ದಾರಿ ಮೈಕ್ ಸೆಟ್ಟಿನವರ ಮಿಕ್ಸರಿನಿಂದ ನೇರ ತಂತಿ ಎಳೆದುಕೊಳ್ಳುವುದು. ಪದ, ವೇಷಧಾರಿಗಳ ಮಾತಾದ ಅರ್ಥಗಾರಿಕೆ ಎರಡೂ ತುಂಬ ಸ್ವಚ್ಛವಾಗಿ ಸಿಗುತ್ತವೆ. ಎರಡು ಎಚ್ಚರ ಬೇಕು. ಮಿಕ್ಸರಿನಿಂದ ಬರುವ ಲೈನ್ ಸಂಕೇತ ಮೈಕಿನ ಸಂಕೇತಕ್ಕಿಂತ ಎಷ್ಟೋ ಪಾಲು ಬಲವಾದದ್ದು. ಅದನ್ನು ಕ್ಯಾಮೆರಾದ ಮೈಕ್ ಜಾಕಿಗೆ ಹಾಗೆಯೇ ಚುಚ್ಚಿದರೆ ರಾತ್ರಿಯಿಡೀ ಒಡೆದ ಸದ್ದೇ ಗತಿ. ಮೆನುವಿನಲ್ಲಿ ಲೈನ್ ಇನ್‌ಪುಟ್ ಎಂದು ಬದಲಿಸಬೇಕು, ಆ ಸೌಕರ್ಯವಿಲ್ಲದಿದ್ದರೆ ಸಂಕೇತ ತಗ್ಗಿಸುವ ಕೇಬಲ್ ಬಳಸಬೇಕು. ಎರಡನೆಯದು, ಚೆಂಡೆಗೆ ಮೈಕ್ ಇಡದ ಕಡೆ ಮಿಕ್ಸರಿನ ದನಿಯಲ್ಲಿ ಚೆಂಡೆ ಪಕ್ಕದ ಊರಿನಲ್ಲಿ ಬಾರಿಸಿದಂತೆ ಕೇಳುತ್ತದೆ. ಹಾಗಾಗಿ ಮಿಕ್ಸರಿನ ತಂತಿಯ ಜೊತೆ ಬಯಲಿನ ಮೈಕೂ ಒಂದು ಇರಲಿ. ಕ್ಯಾಮೆರಾ ಬೇರೆ, ರೆಕಾರ್ಡರ್ ಬೇರೆ ಆದಾಗ ಎರಡರ ಗಡಿಯಾರಗಳು ತಾಸುಗಳು ಉರುಳಿದಂತೆ ಚೂರು ಚೂರು ದೂರ ಸರಿಯುತ್ತವೆ. ಆರಂಭದಲ್ಲಿ ತಟ್ಟಿದ ಒಂದು ಚಪ್ಪಾಳೆ ಇಡೀ ರಾತ್ರಿಗೆ ಸಾಲದು. ಪ್ರತಿ ಕಡತವನ್ನೂ ಬೇರೆಯಾಗಿಯೇ ಹೊಂದಿಸಬೇಕಾಗುತ್ತದೆ.

ಅಜ್ಜಿಯ ಹಾಡಿಗೆ ಇಷ್ಟೆಲ್ಲ ಬೇಡ. ಅಲ್ಲಿ ಫೋನ್ ಧಾರಾಳ ಸಾಕು, ಕ್ಯಾಮೆರಾಕ್ಕೆ ಇಟ್ಟ ಹಣವನ್ನು ಮೈಕಿಗೆ ಹಾಕಿ. ದನಿಯ ಮೂಲದಿಂದ ದೂರ ಎರಡು ಪಟ್ಟಾದರೆ ಬಯಲಿನಲ್ಲಿ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರ್ ಆಚೆಯ ಫೋನಿಗಿಂತ ಅಜ್ಜಿಯ ಬಾಯಿಯಿಂದ ಒಂದು ಗೇಣು ಕೆಳಗೆ ಸೆರಗಿಗೆ ಸಿಕ್ಕಿಸಿದ ಕಾಲರ್ ಮೈಕಿಗೆ 20 ಡೆಸಿಬೆಲ್ಲಿನಷ್ಟು ಹೆಚ್ಚು ದನಿ ಸಿಗುತ್ತದೆ. ಯಾವ ದುಬಾರಿ ಕ್ಯಾಮೆರಾವೂ ಈ ಅಂತರವನ್ನು ತುಂಬಿಕೊಡದು. ಬೋಯಾ ಬಿವೈ-ಎಂ1 ತರಹದ, ಆರು ಮೀಟರ್ ತಂತಿಯ ಅಗ್ಗದ ಮೈಕ್ ನಮ್ಮಲ್ಲಿ ಬಹಳ ಮಂದಿಯ ಬಳಿ ಇದೆ. ಅದರ ಪುಟ್ಟ ಡಬ್ಬಿಯಲ್ಲಿ ಫೋನಿಗೊಂದು, ಕ್ಯಾಮೆರಾಕ್ಕೊಂದು ಸ್ಥಾನವಿರುವ ಸ್ವಿಚ್ ಇದೆ. ಕ್ಯಾಮೆರಾಕ್ಕೆ ಬಳಸುವಾಗ ಒಳಗಿನ ಗುಂಡು ಸೆಲ್ ಬೇಕೇ ಬೇಕು. ಸ್ವಿಚ್ ತಪ್ಪಿದ್ದರೆ ದನಿಯೇ ದಾಖಲಾಗದೆ ಹೋಗಬಹುದು. ವೈರ್‌ಲೆಸ್ ಮೈಕು ನಡೆದಾಡುತ್ತ ಮಾತನಾಡುವವರಿಗೆ ಒಳ್ಳೆಯದು. ಸಾವಿರ ಫೋನುಗಳಿರುವ ಜಾತ್ರೆಯಲ್ಲಿ 2.4 ಗಿಗಾಹರ್ಟ್ಸ್ ಸಂಪರ್ಕ ಕಡಿಯುವ ಸಂಭವ ಇರುವುದರಿಂದ ಮಾತನಾಡುವವರು ಧರಿಸುವ ಟ್ರಾನ್ಸ್‌ಮಿಟರಿನ ಒಳಗೇ ದಾಖಲಿಸಿಕೊಳ್ಳುವ ಮಾದರಿಯನ್ನೇ ಕೊಳ್ಳಿ. ಅಂದಹಾಗೆ, ಅಜ್ಜಿಯ ಕೋಣೆಯ ಫ್ಯಾನ್ ನಿಲ್ಲಿಸಲು ಮರೆಯಬೇಡಿ. ಸೆಕೆ ಆದರೂ ಹತ್ತು ಹತ್ತು ನಿಮಿಷದ ಕಂತಿನಲ್ಲಿ ಹಾಡಿಸಿ, ನಡುವೆ ಗಾಳಿ ಹಾಕಿ, ಕುಡಿಯಲು ಕೊಡಿ.

ಫೋನ್, ಹ್ಯಾಂಡಿಕ್ಯಾಮ್, ಮಿರರ್‌ಲೆಸ್

ಫೋನ್ ಎಂದರೆ ಹತ್ತಿರದ ಕ್ಯಾಮೆರಾ. ಹತ್ತಡಿಯೊಳಗೆ, ಹಗಲ ಬೆಳಕಿನಲ್ಲಿ, ಅರ್ಧ ತಾಸಿನೊಳಗಿನ ಕೆಲಸಕ್ಕೆ ಬೇರೇನೂ ಬೇಕಾಗಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಳಕು, ಬಣ್ಣ, ಶಟರ್ (ಪ್ರತಿ ಚೌಕಟ್ಟಿಗೆ ಬೆಳಕು ಬೀಳುವ ಹೊತ್ತು) ಎಲ್ಲವನ್ನೂ ಬೀಗ ಹಾಕಿ ಇಡಲು ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಐಫೋನಿಗೂ ಹಲವು ಆಂಡ್ರಾಯ್ಡ್ ಫೋನುಗಳಿಗೂ ಸಿಗುತ್ತದೆ. ಏರೋಪ್ಲೇನ್ ಮೋಡಿನಲ್ಲಿಡಿ, ಇಲ್ಲವಾದರೆ ನಡುವೆ ಬರುವ ಒಂದು ಕರೆ ದಾಖಲೆಯನ್ನು ಕೆಡಿಸಬಹುದು. ಆದರೆ ಮೂವತ್ತು ಅಡಿ ದೂರದ ರಂಗಸ್ಥಳಕ್ಕೆ ಫೋನ್ ಹಿಡಿದರೆ ವೇಷ ಬೆರಳಿನಷ್ಟಾಗುತ್ತದೆ. ಬೆರಳಿನಿಂದ ಹಿಗ್ಗಿಸಿದರೆ ಮುಖದ ಬಣ್ಣಗಾರಿಕೆ ಕಲಸಿದ ಹಿಟ್ಟಿನಂತಾಗುತ್ತದೆ.

ಹ್ಯಾಂಡಿಕ್ಯಾಮ್ ಅನ್ನು ಈಗ ಯಾರೂ ಹೊಗಳುವುದಿಲ್ಲ. ನಾನು ಹೊಗಳುತ್ತೇನೆ. ಶಾಲೆಯ ಸಭಾಂಗಣದಲ್ಲಿ ಹತ್ತನೆಯ ಸಾಲಿನಲ್ಲಿ ಕುಳಿತ ತಾಯಿಗೆ, ಒಂದೇ ಕೈಯಲ್ಲಿ ಹಿಡಿದು, ತೋರುಬೆರಳಿನ ಕೆಳಗಿನ ಗುಂಡಿಯಿಂದ ಮೆಲ್ಲನೆ ಮಗಳ ಮುಖದವರೆಗೆ ಹೋಗಿ, ಹಾಗೆಯೇ ಹಿಂದೆ ಬರಲು ಇದಕ್ಕಿಂತ ಸಲೀಸಾದ ಯಂತ್ರವಿಲ್ಲ. ಸೋನಿ ಎಎಕ್ಸ್‌53ರಲ್ಲಿ 20 ಪಟ್ಟು, ಅಗ್ಗದ ಸಿಎಕ್ಸ್‌405ರಲ್ಲಿ 30 ಪಟ್ಟು ನಿಜವಾದ ಝೂಮ್ ಇದೆ. ಎಎಕ್ಸ್‌53ರ ಲೆನ್ಸ್ ಒಳಗೇ ತೇಲುತ್ತ ಕೈನಡುಕವನ್ನು ನುಂಗಿಕೊಳ್ಳುತ್ತದೆ. ತಾಸುಗಟ್ಟಲೆ ಓಡುವುದಕ್ಕೆಂದೇ ಇವು ಹುಟ್ಟಿವೆ, ಎಎಕ್ಸ್‌53ಕ್ಕೆ ದೊಡ್ಡ ಬ್ಯಾಟರಿ ಹಾಕಿದರೆ ಇನ್ನೂ ನಿಶ್ಚಿಂತೆ. ದೋಷವೆಂದರೆ ಚಿತ್ರ ಮೂಡುವ ಸೆನ್ಸರ್ ಪುಟ್ಟದು. ಸಿಎಕ್ಸ್‌405ರದ್ದು ಹೆಸರುಕಾಳಿನಷ್ಟೇ ಇದೆ, ದೊಡ್ಡ ಕ್ಯಾಮೆರಾಗಳ ಫುಲ್ ಫ್ರೇಮ್ ಸೆನ್ಸರಿನ ಅಳತೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಬೆಳಕು ಕಡಿಮೆಯಾದಂತೆ ಹ್ಯಾಂಡಿಕ್ಯಾಮಿನ ಚಿತ್ರದಲ್ಲಿ ರಾಗಿ ಚೆಲ್ಲಿದಂತೆ ಕಾಳು ಕಾಳು ಕಾಣುತ್ತದೆ. ಸಿಎಕ್ಸ್‌405ರಲ್ಲಿ ಮೈಕ್ ಜಾಕ್ ಇಲ್ಲ ಎಂಬುದನ್ನೂ ಕೊಳ್ಳುವ ಮೊದಲು ತಿಳಿದಿರಿ. ಅದರ ಜೊತೆ ರೆಕಾರ್ಡರ್ ಇಟ್ಟುಕೊಳ್ಳುವುದಾದರೆ ಮಾತ್ರ ತೆಗೆದುಕೊಳ್ಳಿ.

ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾದ ಬಲ ಇರುಳು. ಆದರೆ ಆ ಬಲ ಬರುವುದು ಲೆನ್ಸಿನಿಂದ. ಕ್ಯಾಮೆರಾದ ಜೊತೆ ಕೊಡುವ 16–50 ಮಿ.ಮೀ. ಕಿಟ್ ಲೆನ್ಸನ್ನು 50ಕ್ಕೆ ಎಳೆದಾಗ ಅದರ ಕಂಡಿ ಎಫ್ 5.6ಕ್ಕಿಂತ ಹೆಚ್ಚು ತೆರೆಯದು (ಎಫ್ ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು). 50 ಮಿ.ಮೀ. ಎಫ್ 1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಾಲು ಬೆಳಕು ಒಳಗೆ ಬಿಡುತ್ತದೆ. ಹೀಗಾಗಿ ದುಬಾರಿ ಕ್ಯಾಮೆರಾಕ್ಕೆ ಕಿಟ್ ಲೆನ್ಸ್ ಹಾಕಿಕೊಳ್ಳುವುದಕ್ಕಿಂತ ಸಾಧಾರಣ ಕ್ಯಾಮೆರಾಕ್ಕೆ ಒಳ್ಳೆಯ ಲೆನ್ಸ್ ಹಾಕುವುದು ಯಾವತ್ತೂ ಲೇಸು. ದೂರಕ್ಕೆ ಯಾವ ಲೆನ್ಸ್ ಎಂಬುದಕ್ಕೆ ನನ್ನ ಲೆಕ್ಕ ಇದು: ಫುಲ್ ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾವನ್ನು ರಂಗಸ್ಥಳದಿಂದ ಮೂವತ್ತು ಅಡಿಯಲ್ಲಿ ಇಟ್ಟರೆ 50 ಮಿ.ಮೀ. ಲೆನ್ಸಿನಲ್ಲಿ ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ಒಂದು ವೇಷ ಚೌಕಟ್ಟು ತುಂಬಿ ನಿಲ್ಲುತ್ತದೆ. ಹಿಮ್ಮೇಳ ಸಮೇತ ಇಡೀ ರಂಗಸ್ಥಳ ಬೇಕಾದರೆ 24ರ ಆಸುಪಾಸು, ಕಣ್ಣಿನ ಭಾವ ಬೇಕಾದರೆ 180ರಿಂದ 200. ಫುಲ್ ಫ್ರೇಮ್ ಆದರೆ ಈ ಅಂಕಿಗಳನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ, ಬೆಲೆಯೂ ತೂಕವೂ ಅದಕ್ಕಿಂತ ಹೆಚ್ಚು ಪಟ್ಟು ಏರುತ್ತವೆ.

ಕ್ಯಾಮೆರಾ ಬಾಡಿಗಳಲ್ಲಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಯಂತ್ರಗಳಲ್ಲಿ, ಎರಡನ್ನು ಎದುರುಬದುರು ಇಟ್ಟು ನೋಡೋಣ. 2021ರಲ್ಲಿ ಬಂದ ಸೋನಿ ಝಡ್‌ವಿ-ಇ10ರಲ್ಲಿ ಎಪಿಎಸ್-ಸಿ ಸೆನ್ಸರ್, ಮೈಕ್ ಮತ್ತು ಇಯರ್‌ಫೋನ್ ಜಾಕ್ ಎರಡೂ, ಚುರುಕಾದ ಫೋಕಸ್ ಇವೆ. ಅರ್ಧ ತಾಸಿನ ಮಿತಿ ಇಲ್ಲ, ಯುಎಸ್‌ಬಿಯಿಂದ ವಿದ್ಯುತ್ ಕೊಡುತ್ತ ಓಡಿಸಬಹುದು. ಬಾಡಿಯೊಳಗೆ ನಡುಕ ತಡೆಯುವ ವ್ಯವಸ್ಥೆ ಇಲ್ಲ. 4ಕೆಯಲ್ಲಿ (ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆಗಳ ಚಿತ್ರ) ವೇಗವಾಗಿ ತಿರುಗಿಸಿದರೆ ಕಂಬಗಳು ಓರೆಯಾಗಿ ವಾಲುತ್ತವೆ. ಪುಂಡುವೇಷ ಗಿರ್ರನೆ ಸುತ್ತು ಹಾಕುವ ಧೀಂಗಿಣದಲ್ಲೂ ಕೈಕಾಲು ತುಸು ಬಾಗಿದಂತೆ ಕಾಣುವುದುಂಟು. ಇನ್ನೊಂದು, 2017ರ ಪ್ಯಾನಸೋನಿಕ್ ಜಿಎಚ್5. ಸೆನ್ಸರ್ ಚಿಕ್ಕದು, ಫೋಕಸ್ ತಡಕಾಡುತ್ತದೆ. ಆದರೆ ಬಾಡಿಯಲ್ಲೇ ಸ್ಥಿರತೆ ಇದೆ, ಎರಡು ಕಾರ್ಡುಗಳಿಗೆ ಜಾಗವಿದೆ, ಸಮಯದ ಮಿತಿ ಇಲ್ಲದೆ ದಾಖಲಿಸುತ್ತದೆ. ಸೆಕೆಂಡ್ ಹ್ಯಾಂಡ್ ಒಳ್ಳೆಯದು ಸಿಕ್ಕರೆ ಟ್ರೈಪಾಡಿನ ಮೇಲೆ ನಿಲ್ಲಿಸಿ ಕೈಯಿಂದಲೇ ಫೋಕಸ್ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಬ್ಬರೇ ಕ್ಯಾಮೆರಾದ ಮುಂದೆ ನಿಂತು ಮಾತನಾಡುವವರಿಗೆ ಸೋನಿ.

ಫೋಕಸಿನ ಬಗ್ಗೆ ಒಂದು ಮಾತು. ಮುಖ ಹುಡುಕುವ ಫೋಕಸ್ ನಮ್ಮ ನಿಮ್ಮ ಮುಖಕ್ಕೆ ಹೇಳಿಮಾಡಿಸಿದ್ದು. ಕೆಂಪು, ಕಪ್ಪು, ಮೇಲೆ ಮುಳ್ಳುಮುಳ್ಳಾಗಿ ಎದ್ದ ಬಿಳಿಯ ಚುಟ್ಟಿ ಇರುವ ರಾಕ್ಷಸರ ಬಣ್ಣದ ವೇಷವನ್ನು ಅದು ಎಷ್ಟೋ ಸಲ ಮುಖವೆಂದೇ ಒಪ್ಪುವುದಿಲ್ಲ. ಹಿಂದೆ ಕುಳಿತ ಭಾಗವತರ ಮುಖಕ್ಕೆ ಜಿಗಿಯುತ್ತದೆ. ಟ್ರೈಪಾಡ್ ಕದಲದಿದ್ದರೆ ರಂಗಸ್ಥಳದ ನಡುವಿಗೆ ಒಮ್ಮೆ ಫೋಕಸ್ ಮಾಡಿ, ಎಫ್ 2.8 ಅಥವಾ 4ಕ್ಕೆ ಇಟ್ಟು, ಬೀಗ ಹಾಕಿಬಿಡುವುದು ಸುರಕ್ಷಿತ.

ಸಣ್ಣ ಕ್ಯಾಮೆರಾಗಳದ್ದು ಬೇರೆ ಲೋಕ. ಮಳೆಗಾಲದ ಆಗುಂಬೆಗೆ ಬೈಕಿನಲ್ಲಿ ಹೋಗುವವರಿಗೆ ಗೋಪ್ರೊ ಸರಿ. ಹೀರೊ5 ಬ್ಲ್ಯಾಕ್‌ನಿಂದ ಈಚಿನ ಹೀರೊ ಬ್ಲ್ಯಾಕ್ ಮಾದರಿಗಳು ಯಾವ ಕವಚವೂ ಇಲ್ಲದೆ ಹತ್ತು ಮೀಟರ್ ನೀರಿನವರೆಗೆ ತಡೆಯುತ್ತವೆ. ಗಾಳಿಯಾಡದ ಕಡೆ ನಿಲ್ಲಿಸಿ ಬಿಡದೆ ಓಡಿಸಿದರೆ ಬಿಸಿಯಾಗಿ ನಿಲ್ಲುತ್ತವೆ, ಇರುಳಲ್ಲಿ ಸೊರಗುತ್ತವೆ. ಮದುವೆ ಮನೆಯ ಓಡಾಟ, ಪೇಟೆ ಸುತ್ತಾಟಕ್ಕೆ 2023ರ ಡಿಜೆಐ ಓಸ್ಮೊ ಪಾಕೆಟ್ 3 ಚೆನ್ನಾಗಿದೆ. ಒಂದು ಇಂಚಿನ ಸೆನ್ಸರು ಅಲುಗಾಟ ತಡೆಯುವ ಪುಟ್ಟ ಗಿಂಬಲಿನ ಮೇಲೆ ಕುಳಿತಿದೆ, ನಡೆಯುತ್ತ ತೆಗೆದರೂ ಚಿತ್ರ ಕುಲುಕುವುದಿಲ್ಲ. ಮಳೆಗೆ ಮಾತ್ರ ಒಡ್ಡಬೇಡಿ. ದೂರದ್ದನ್ನು ಹತ್ತಿರ ತರುವ ಕೆಲಸ ಎರಡರಿಂದಲೂ ಆಗದು.

ನಮ್ಮ ಕರೆಂಟಿನ 50

ಅಂತರ್ಜಾಲದ ಅಮೆರಿಕದ ಪಾಠಗಳನ್ನು ನೋಡಿ ಕಲಿತವರು ಎಡವುವ ಜಾಗ ಇದು. ಅಲ್ಲಿನ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು, ನಮ್ಮದು 50. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಸೆಕೆಂಡಿಗೆ 30 ಚೌಕಟ್ಟು, ಶಟರ್ 1/60 ಎಂದು ಅಲ್ಲಿನವರ ಲೆಕ್ಕವನ್ನು ಇಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಅಲೆಯಲೆಯಾಗಿ ಹರಿಯುತ್ತವೆ. ಮೆನುವಿನಲ್ಲಿ ಪಾಲ್ (PAL) ಎಂದು ಆರಿಸಿ, 25 ಅಥವಾ 50 ಚೌಕಟ್ಟು, ಶಟರ್ 1/50 ಅಥವಾ 1/100 ಇಟ್ಟರೆ ಆ ಪಟ್ಟಿಗಳು ಮಾಯ. ಫೋನಿನಲ್ಲೂ ಇದೇ ಮದ್ದು. ಶಟರ್ ಬೀಗ ಹಾಕಲು ಬಾರದ ಕ್ಯಾಮೆರಾವನ್ನು ಒಳಾಂಗಣದ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ.

ಬೆಳಕಿನ ಅಳತೆಯೂ ಕೈಯಲ್ಲೇ ಇರಬೇಕು. ಸುತ್ತ ಕತ್ತಲು, ನಡುವೆ ಬೆಳಗಿದ ರಂಗಸ್ಥಳ. ಕ್ಯಾಮೆರಾ ಕತ್ತಲನ್ನೇ ಅಳೆದು ಬೆಳಕು ಏರಿಸುತ್ತದೆ, ಚುಟ್ಟಿಯ ಎಳೆಗಳೆಲ್ಲ ಸುಣ್ಣದ ಮುದ್ದೆಯಾಗುತ್ತವೆ. ತೆರೆಯ ಮೇಲೆ ಓರೆಗೆರೆಗಳನ್ನು ತೋರಿಸಿ ಎಲ್ಲಿ ಬಿಳಿ ಸುಟ್ಟುಹೋಗುತ್ತಿದೆ ಎಂದು ಎಚ್ಚರಿಸುವ ಝೀಬ್ರಾ ಸೌಕರ್ಯವಿರುವ ಕ್ಯಾಮೆರಾವನ್ನೇ ಹುಡುಕಿ. ಮುಖದ ಬಿಳಿಗೆ ಗೆರೆ ಬಾರದಷ್ಟು ತಗ್ಗಿಸಿ ಬಿಟ್ಟರೆ ರಾಳದ ಬೆಂಕಿ ಎದ್ದಾಗಲೂ ವೇಷ ಉಳಿಯುತ್ತದೆ.

ಕಾಲು, ಕಾರ್ಡ್, ಕರೆಂಟು

ಟ್ರೈಪಾಡಿನಲ್ಲಿ ಫೋಟೊಗೆ ಬಳಸುವ ಗೋಲದ ತಲೆ ವಿಡಿಯೊಗೆ ಆಗದು, ಎಣ್ಣೆಯ ಹಿಡಿತವಿರುವ ಫ್ಲೂಯಿಡ್ ಹೆಡ್ ಬೇಕು. ಕಳಪೆ ಟ್ರೈಪಾಡ್ ಕೊಂಡವರು ಎರಡನೆಯದನ್ನೂ ಕೊಳ್ಳುತ್ತಾರೆ. ಗದ್ದೆಯ ಮಣ್ಣು ಮೆತ್ತಗಿದ್ದರೆ ಕಾಲುಗಳ ಕೆಳಗೆ ಹಲಗೆ ತುಂಡು ಇಡಿ. ಜನ ಓಡಾಡಿದಂತೆ ಒಂದು ಕಾಲು ಹೂತು, ದಿಗಂತ ವಾಲಿದ್ದು ಬೆಳಿಗ್ಗೆಯೇ ಗೊತ್ತಾಗುತ್ತದೆ.

ಕಾರ್ಡಿನ ಲೆಕ್ಕ ಸುಲಭ. 100 ಮೆಗಾಬಿಟ್ ವೇಗದ 4ಕೆ ತಾಸಿಗೆ 45 ಜಿಬಿ ನುಂಗುತ್ತದೆ, 50 ಮೆಗಾಬಿಟ್ ಆದರೆ ಅದರ ಅರ್ಧ. ಎಂಟು ತಾಸಿನ ಆಟಕ್ಕೆ 50ರಲ್ಲಿ 180 ಜಿಬಿ, ಅಂದರೆ 256ರ ಒಂದು ಕಾರ್ಡ್ ಸಾಕು. ರಾತ್ರಿಯಿಡೀ ನಡೆಯದ ಕಾಲಮಿತಿಯ ಆಟವಾದರೆ 128 ಸಾಕಾಗಬಹುದು. ಕಾರ್ಡಿನ ಮೇಲೆ ವಿ30 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ, ಈ ಕೆಲಸಕ್ಕೆ ಧಾರಾಳ. ಇದಕ್ಕಾಗಿ ವಿ90 ಕೊಳ್ಳಬೇಕಾಗಿಲ್ಲ. 4ಕೆ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಒಂದೇ ಕ್ಯಾಮೆರಾ ಇದ್ದರೆ ಬೇಕು. ಅಗಲವಾಗಿ 4ಕೆಯಲ್ಲಿ ತೆಗೆದು, ಸಂಕಲನದಲ್ಲಿ ಎರಡು ಪಟ್ಟು ಹತ್ತಿರ ಕತ್ತರಿಸಿಕೊಂಡರೂ ಫುಲ್ ಎಚ್‌ಡಿ ಹಾಗೆಯೇ ಉಳಿಯುತ್ತದೆ. ಎರಡು ಕ್ಯಾಮೆರಾ ಮಾಡಿದ ಕೆಲಸ ಒಂದರಲ್ಲೇ ಆಯಿತು. ಮನೆಯ ಕಂಪ್ಯೂಟರ್ ಹಳೆಯದಾಗಿದ್ದರೆ 4ಕೆ ಕಡತಗಳು ತಡವರಿಸುತ್ತವೆ, ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಆಟದ ಬಯಲಿನ ಕರೆಂಟನ್ನು ಮಾತ್ರ ನಂಬಬೇಡಿ. ಜನರೇಟರಿಗೆ ಬದಲಾಯಿಸುವ ಒಂದು ಕ್ಷಣ ಸಾಕು, ಅಡಾಪ್ಟರಿನಲ್ಲಿ ಓಡುವ ಕ್ಯಾಮೆರಾ ಆರಿ, ತೆರೆದಿದ್ದ ಕಡತ ಕೆಡಬಹುದು. ಪವರ್ ಬ್ಯಾಂಕಿನಿಂದಲೇ ಓಡಿಸಿದರೆ ಆ ಭಯವಿಲ್ಲ.

ಐವತ್ತು ಸಾವಿರ ರೂಪಾಯಿ ಕೈಯಲ್ಲಿದ್ದರೆ ಅಷ್ಟನ್ನೂ ಕ್ಯಾಮೆರಾ ಬಾಡಿಯೊಂದಕ್ಕೇ ಸುರಿಯಬೇಡಿ. ಅರ್ಧದಷ್ಟು ಕ್ಯಾಮೆರಾ ಮತ್ತು ಲೆನ್ಸಿಗೆ, ಅದು ಸೆಕೆಂಡ್ ಹ್ಯಾಂಡ್ ಆದರೂ ಸರಿ. ಉಳಿದದ್ದು ದನಿ, ಕಾಲು, ಕಾರ್ಡ್, ಬ್ಯಾಟರಿಗೆ. ವರ್ಷಕ್ಕೊಂದೇ ಹರಕೆಯ ಆಟ ಆದರೆ ಕೊಳ್ಳಲೇಬೇಡಿ. ಬೆಂಗಳೂರಿನಂಥ ನಗರಗಳಲ್ಲಿ ಕ್ಯಾಮೆರಾ, ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತವೆ, ಉಳಿದ ಹಣದಲ್ಲಿ ಒಂದು ಒಳ್ಳೆಯ ರೆಕಾರ್ಡರ್ ಸ್ವಂತಕ್ಕೆ ತೆಗೆದುಕೊಳ್ಳಿ. ಮೇಳದವರನ್ನೂ ಭಾಗವತರನ್ನೂ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ, ಎದುರಿನ ಸಾಲಿನ ಹಿರಿಯರಿಗೆ ಅಡ್ಡವಾಗದ ಜಾಗ ಹುಡುಕಿ.

ಕೊಂಡವರಿಗೆ ನಮ್ಮ ಮಳೆಗಾಲ ದೊಡ್ಡ ಶತ್ರು. ಜೂನಿನಲ್ಲಿ ಚೀಲದೊಳಗೆ ಇಟ್ಟ ಲೆನ್ಸನ್ನು ಸೆಪ್ಟೆಂಬರಿನಲ್ಲಿ ತೆಗೆದು ಬೆಳಕಿಗೆ ಹಿಡಿದರೆ ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹರಡಿರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವಾಂಶ ಮಾಪಕ, ಇಷ್ಟಿದ್ದರೆ ಸಾಕು. ಅದರ ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗಲೂ ಟಾರ್ಚ್ ಹಾಕಿ ಒಳಗೆ ನೋಡದೆ ಹಣ ಕೊಡಬೇಡಿ. ಡಿಸೆಂಬರಿನ ಗದ್ದೆಯಲ್ಲಿ ನಡುರಾತ್ರಿ ಕಳೆದರೆ ಇಬ್ಬನಿ ಲೆನ್ಸಿನ ಮುಖಕ್ಕೇ ಕೂರುತ್ತದೆ. ಕ್ಯಾಮೆರಾದ ಮೇಲೊಂದು ಬೈರಾಸು ಹೊದಿಸಿ, ತಾಸಿಗೊಮ್ಮೆ ಗಾಜು ನೋಡಿ.

ಆಟಕ್ಕೆ ಒಂದು ವಾರ ಮೊದಲು ಮನೆಯ ಜಗಲಿಯಲ್ಲಿ ಅದೇ ಕಾರ್ಡ್, ಅದೇ ಪವರ್ ಬ್ಯಾಂಕ್, ಅದೇ ಮೈಕ್ ಜೋಡಿಸಿ ನಾಲ್ಕು ತಾಸು ಬಿಡದೆ ಓಡಿಸಿ. ಗೋಡೆಯ ಗಡಿಯಾರಕ್ಕೆ ಮುಖ ಮಾಡಿ ಇಟ್ಟರೆ ಸಾಕು. ಆಮೇಲೆ ಕೊನೆಯ ಹತ್ತು ನಿಮಿಷ ಹಾಕಿ ನೋಡಿ: ಗಡಿಯಾರದ ಟಿಕ್ ಟಿಕ್ ಕೇಳುತ್ತಿದೆಯೇ, ಮುಳ್ಳು ಮತ್ತು ಸದ್ದು ಜೊತೆಗೇ ಇವೆಯೇ, ಕ್ಯಾಮೆರಾ ಮುಟ್ಟಿದರೆ ಕೈ ಸುಡುತ್ತಿದೆಯೇ ಎಂದು.